ಹೊಲಕ್ಕೆ ಸೆಮಿಸ್ಟರ್ ಲೆಕ್ಕ ಗೊತ್ತಿಲ್ಲ

ನಮ್ಮ ಕೋರ್ಸಿನಲ್ಲಿ ಸುಸ್ಥಿರ ಕೃಷಿ ಅನ್ನೋ ವಿಷಯಕ್ಕೆ ಅರ್ಧ ಅಂಕ ಪರೀಕ್ಷೆಯಿಂದ ಬರುತ್ತದೆ, ಇನ್ನರ್ಧ ಕಾಲೇಜಿನ ಹೊಲದಲ್ಲಿ ಮಾಡಿದ ಕೆಲಸದಿಂದ. ಸೇರುವಾಗ ಹೆಚ್ಚಿನವರು ಇದನ್ನು ಸುಲಭಕ್ಕೆ ಸಿಗುವ ಅಂಕ ಅಂದುಕೊಂಡಿದ್ದರು. ಗಿಡ ನೆಡು, ನೀರು ಹಾಕು, ಫೋಟೊ ತೆಗೆದು ವರದಿಗೆ ಅಂಟಿಸು, ಅಷ್ಟೇ ಅಲ್ವಾ ಅಂತ. ಎರಡು ವರ್ಷ ಅಲ್ಲಿ ಮೈ ಬಗ್ಗಿಸಿದ ಮೇಲೆ ಹೇಳುತ್ತೇನೆ, ಮೈಕೈ ನೋವು ವಾರದಲ್ಲಿ ಅಭ್ಯಾಸವಾಗುತ್ತದೆ. ಅಭ್ಯಾಸವಾಗದ್ದು ಹೊಲದ ನಿಧಾನ. ಸೆಮಿಸ್ಟರ್ ಹದಿನೈದು ಹದಿನಾರು ವಾರದಲ್ಲಿ ಮುಗಿಯುತ್ತದೆ. ಮಣ್ಣಿಗೆ ಅದು ಏನೂ ಅಲ್ಲ. ನಾವು ಹಾಕಿದ ಗೊಬ್ಬರದ ಫಲ ನೋಡುವವರು ಜೂನಿಯರ್‌ಗಳು. ನಮ್ಮ ಪಾಲಿಗೆ ಬರೋದು ಸೀನಿಯರ್‌ಗಳು ಬಿಟ್ಟು ಹೋದ ಕಳೆ.

ಹೊಲ ಮೂರು ಎಕರೆ. ಅದನ್ನು ಎಂಟು ತಾಕು ಮಾಡಿದ್ದಾರೆ, ಒಂದೊಂದಕ್ಕೆ ಆರು ಜನರ ತಂಡ. ಯಾವ ತಾಕಿನಲ್ಲಿ ಯಾವ ಬೆಳೆ ಅನ್ನೋದು ಪೂರ್ತಿ ನಮ್ಮ ಕೈಯಲ್ಲಿಲ್ಲ, ಮುಖ್ಯ ಬೆಳೆಗಳ ಸರದಿ ಮೊದಲೇ ನಿಗದಿಯಾಗಿರುತ್ತದೆ. ಕೋಸಿನ ಜಾತಿ ಬೆಳೆದ ಕಡೆ ಮುಂದಿನ ಸಲ ಟೊಮೆಟೊ, ಬದನೆ. ಆಮೇಲೆ ಗಡ್ಡೆ ಗೆಣಸು. ಅದಾದ ಮೇಲೆ ಕಾಳಿನ ಜಾತಿ. ಒಂದು ತಾಕಿನಲ್ಲಿ ಮಾತ್ರ ಯಾವಾಗಲೂ ಹಸಿರೆಲೆ ಗೊಬ್ಬರ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ನಾಲ್ಕೂ ಒಂದೇ ಕುಟುಂಬದವು. ಒಂದಕ್ಕೆ ಬಂದ ಸೊರಗು ರೋಗ ಮಣ್ಣಿನಲ್ಲೇ ಉಳಿದು ಇನ್ನೊಂದಕ್ಕೂ ತಗಲುತ್ತದೆ. ಹಾಗಾಗಿ ಗಡ್ಡೆ ಅಂದಾಗ ನಮ್ಮಲ್ಲಿ ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್. ಟೊಮೆಟೊ ಹಿಂದೆಯೇ ಆಲೂಗಡ್ಡೆ ಹಾಕುವಂತಿಲ್ಲ. ಪಾಠ ಹೇಳುವ ಮೇಡಂ ಒಬ್ಬರು, ಹೊಲ ನೋಡಿಕೊಳ್ಳುವ ಅಣ್ಣ ಒಬ್ಬರು. ಯಾಕೆ ಅನ್ನೋದಕ್ಕೆ ಮೇಡಂ ಹತ್ತಿರ ಹೋಗಬೇಕು, ಯಾವಾಗ ಅನ್ನೋದಕ್ಕೆ ಅಣ್ಣನ ಹತ್ತಿರ. ಇಬ್ಬರ ಮಾತೂ ಒಂದೇ ಆಗಿರಬೇಕು ಅಂತೇನಿಲ್ಲ. ಆಗದೇ ಇದ್ದಾಗಲೇ ನಾವು ಹೆಚ್ಚು ಕಲಿತದ್ದು.

ಮೊದಲ ಎರಡು ವಾರ ಬೀಜ ಮುಟ್ಟೋಕೂ ಬಿಡಲಿಲ್ಲ. ಬರೀ ಮಣ್ಣು. ಒಂದು ಹಿಡಿ ಮಣ್ಣು ತಗೊಂಡು, ಹನಿ ಹನಿ ನೀರು ಹಾಕಿ, ಕಲ್ಲು ಕಡ್ಡಿ ಆರಿಸಿ ನಾದಬೇಕು. ಹದಕ್ಕೆ ಬಂದ ಮೇಲೆ ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತುತ್ತಾ ಪಟ್ಟಿಯ ಹಾಗೆ ಹೊರಗೆ ತಳ್ಳಬೇಕು. ಎರಡೂವರೆ ಸೆಂಟಿಮೀಟರ್ ಆಗೋ ಮೊದಲೇ ಮುರಿದರೆ ಜೇಡಿ ಕಡಿಮೆ. ಐದು ಸೆಂಟಿಮೀಟರ್ ದಾಟಿಯೂ ನಿಂತರೆ ಅದು ಜೇಡಿಮಣ್ಣು. ಬೆರಳಿಗೆ ಗರಗರ ಅಂದರೆ ಮರಳು, ನುಣ್ಣಗೆ ಹಿಟ್ಟು ಮುಟ್ಟಿದ ಹಾಗಿದ್ದರೆ ಗೋಡು. ಇದಕ್ಕೆ ಯಂತ್ರ ಏನೂ ಬೇಡ. ಆದರೂ ನಮ್ಮ ಆರು ಜನರ ಪಟ್ಟಿ ಆರು ಉದ್ದ ಬಂತು. ಕೈ ಪಳಗಬೇಕು, ಅದಕ್ಕೆ ಅಡ್ಡದಾರಿ ಇಲ್ಲ.

ಲೆಕ್ಕ ಸರಿ ಇದೆಯಾ ಅಂತ ನೋಡೋಕೆ ಗಾಜಿನ ಬಾಟಲಿ ಪರೀಕ್ಷೆ. ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚೆನ್ನಾಗಿ ಕುಲುಕಿ ಇಟ್ಟುಬಿಡೋದು. ಮರಳು ಒಂದು ನಿಮಿಷದೊಳಗೆ ತಳಕ್ಕೆ ಕೂರುತ್ತದೆ. ಗೋಡು ಕೂರೋಕೆ ಕೆಲವು ಗಂಟೆ. ಜೇಡಿ ಮಾತ್ರ ಮಾರನೇ ದಿನ ನೋಡಿದರೂ ನೀರಿನಲ್ಲೇ ತೇಲುತ್ತಿರುತ್ತದೆ. ಪದರಗಳನ್ನು ಸ್ಕೇಲಿನಲ್ಲಿ ಅಳೆದು ಶೇಕಡಾವಾರು ಬರೆದುಕೊಳ್ಳೋದು.

ನನಗೆ ಇವೆರಡಕ್ಕಿಂತ ಮನಸ್ಸಿನಲ್ಲಿ ನಿಂತದ್ದು ಮೂರನೆಯದು. ನಮ್ಮ ತಾಕಿನಿಂದ ಒಂದು ಒಣ ಹೆಂಟೆ, ಬೇಲಿ ಬುಡದಲ್ಲಿ ಯಾವತ್ತೂ ಉಳದ ಜಾಗದಿಂದ ಇನ್ನೊಂದು. ಎರಡನ್ನೂ ತಂತಿ ಜಾಲರಿಯ ಮೇಲಿಟ್ಟು ನೀರು ತುಂಬಿದ ಎರಡು ಲೋಟದಲ್ಲಿ ಇಳಿಬಿಟ್ಟರು. ನಮ್ಮ ತಾಕಿನ ಹೆಂಟೆ ಗುಳುಗುಳು ಗುಳ್ಳೆ ಬಿಟ್ಟು ನೋಡನೋಡುತ್ತಾ ಕರಗಿ ತಳ ಸೇರಿತು. ನೀರು ರಾಡಿ. ಬೇಲಿ ಬುಡದ್ದು ತರಗತಿ ಮುಗಿಯುವವರೆಗೂ ಹಾಗೇ ಇತ್ತು, ನೀರೂ ತಿಳಿಯಾಗಿತ್ತು. ಎರಡರ ನಡುವೆ ಇದ್ದದ್ದು ಇಪ್ಪತ್ತು ಹೆಜ್ಜೆ ದೂರ, ಮಣ್ಣಿನ ಜಾತಿಯೂ ಒಂದೇ. ಒಂದರಲ್ಲಿ ಬೇರು, ಶಿಲೀಂಧ್ರದ ಎಳೆ, ಕೊಳೆತ ಎಲೆ ಸೇರಿ ಕಣಕ್ಕೆ ಕಣ ಅಂಟಿಸಿಟ್ಟಿವೆ. ಇನ್ನೊಂದನ್ನು ವರ್ಷ ವರ್ಷ ಉತ್ತು ಬಿಡಿಸಿದ್ದಾರೆ. ಜೋರು ಮಳೆ ಬಿದ್ದಾಗ ನಮ್ಮ ಸಾಲುಗಳ ಮೇಲೆ ಗಟ್ಟಿ ಹೆಪ್ಪು ಕಟ್ಟಿ ಮೊಳಕೆ ಮೇಲೇಳದೆ ಒದ್ದಾಡುವುದು ಇದಕ್ಕೇ. ಆ ಲೋಟ ನೋಡಿದ ಮೇಲೆ, ಮಣ್ಣನ್ನು ಪುಡಿ ಮಾಡುವ ಯಂತ್ರ ರೋಟವೇಟರ್ ಹೊಡೆಸೋಣ ಅನ್ನುವ ಮಾತು ನಮ್ಮ ತಂಡದಲ್ಲಿ ಮತ್ತೆ ಬರಲಿಲ್ಲ.

ಆಮೇಲೆ ಕಾಂಪೋಸ್ಟು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಇಡೀ ಕೋರ್ಸಿನಲ್ಲಿ ಹಾಕಿದ ಕೆಲಸಕ್ಕೆ ವಾರದೊಳಗೆ ಉತ್ತರ ಕೊಟ್ಟದ್ದು ಇದೊಂದೇ.

ಕಸ ಒಂದು ಕಡೆ ಗುಡ್ಡೆ ಹಾಕಿದರೆ ಯಾವತ್ತೋ ಒಂದು ದಿನ ಗೊಬ್ಬರ ಆಗುತ್ತದೆ, ನಿಜ. ಬಿಸಿ ಕಾಂಪೋಸ್ಟ್ ಹಾಗಲ್ಲ, ಅದಕ್ಕೆ ಲೆಕ್ಕ ಇದೆ. ಇಂಗಾಲ ಇಪ್ಪತ್ತೈದರಿಂದ ಮೂವತ್ತು ಪಾಲು ಇದ್ದರೆ ಸಾರಜನಕ ಒಂದು ಪಾಲು ಇರಬೇಕು. ಒಣ ಎಲೆ, ಹುಲ್ಲು, ತೆನೆ ಮುರಿದ ಜೋಳದ ದಂಟು ಇವೆಲ್ಲ ಇಂಗಾಲದ ಕಡೆ. ಹಸಿ ಹುಲ್ಲು, ಕಿತ್ತ ಕಳೆ, ಸಗಣಿ, ಅಡುಗೆಮನೆಯ ತರಕಾರಿ ಸಿಪ್ಪೆ ಸಾರಜನಕದ ಕಡೆ. ಮರದ ಹೊಟ್ಟಿನಲ್ಲಿ ಇಂಗಾಲದ ಪಾಲು ನೂರುಗಟ್ಟಲೆ, ಅದನ್ನು ತೀರಾ ಹುಷಾರಾಗಿ ಬಳಸಬೇಕು. ಅಂದಾಜಿಗೆ ನಾವು ಎರಡು ಬುಟ್ಟಿ ಒಣಗಿದ್ದಕ್ಕೆ ಒಂದು ಬುಟ್ಟಿ ಹಸಿಯದು ಹಾಕುತ್ತಿದ್ದೆವು. ಗುಡ್ಡೆ ಉದ್ದ, ಅಗಲ, ಎತ್ತರ ಮೂರರಲ್ಲೂ ಒಂದು ಮೀಟರಿಗಿಂತ ಕಡಿಮೆ ಇರಬಾರದು. ಚಿಕ್ಕದಾದರೆ ಹುಟ್ಟಿದ ಬಿಸಿ ಎಲ್ಲಾ ಸುತ್ತಲಿಂದ ಹೊರಟುಹೋಗುತ್ತದೆ.

ನೀರಿನ ಹದ ಹೇಳಿಕೊಟ್ಟದ್ದು ಅಣ್ಣ. ಗುಡ್ಡೆಯ ಒಳಗಿಂದ ಒಂದು ಹಿಡಿ ತೆಗೆದು ಬಲವಾಗಿ ಹಿಂಡಬೇಕು. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ. ಧಾರೆ ಇಳಿದರೆ ಜಾಸ್ತಿಯಾಯ್ತು, ಕೈ ಒದ್ದೆಯೇ ಆಗದಿದ್ದರೆ ಕಡಿಮೆ. ಪುಸ್ತಕದಲ್ಲಿ ಇದೇ ಸಂಗತಿ ಶೇಕಡಾ 50ರಿಂದ 60 ತೇವಾಂಶ ಅಂತ ಇದೆ. ಪುಸ್ತಕದ ಅಂಕೆ ನನಗೆ ಪರೀಕ್ಷೆಯಲ್ಲಿ ಉಪಯೋಗಕ್ಕೆ ಬಂತು, ಹಿಂಡುವುದು ಹೊಲದಲ್ಲಿ.

ಗುಡ್ಡೆ ಕಟ್ಟಿ ಮುಗಿಸಿದ ಮೂರನೇ ಬೆಳಿಗ್ಗೆ ಉದ್ದ ಕಡ್ಡಿಯ ಥರ್ಮಾಮೀಟರ್ ಚುಚ್ಚಿದೆವು. ಮುಳ್ಳು 60 ಡಿಗ್ರಿ ದಾಟಿ ನಿಂತಿತು. ನಂಬಿಕೆ ಬರಲಿಲ್ಲ. ಒಬ್ಬಳು ಗೆಳತಿ ಕೈ ಒಳಗೆ ತೂರಿಸಿದವಳು ಅಷ್ಟೇ ವೇಗದಲ್ಲಿ ಹೊರಗೆ ಎಳೆದುಕೊಂಡಳು. ಬೆಂಕಿ ಇಲ್ಲ, ಬಿಸಿಲೂ ಇರಲಿಲ್ಲ, ಕಣ್ಣಿಗೆ ಕಾಣದ ಜೀವಿಗಳು ತಿಂದು ಉಸಿರಾಡಿದ್ದಕ್ಕೇ ಇಷ್ಟು ಕಾವು. ಸಲಿಕೆಯಿಂದ ಪಕ್ಕ ಬಗೆದಾಗ ಹಬೆ ಎದ್ದು ಕನ್ನಡಕ ಮಂಜಾಯಿತು. ಒಳಗೆ ಎಲೆಗಳ ಮೇಲೆ ಬೂದಿ ಸವರಿದ ಹಾಗೆ ಬೆಳ್ಳಗೆ. ಬೂಷ್ಟು ಹಿಡಿದು ಕೆಟ್ಟುಹೋಯಿತು ಅಂತ ನಾವು ಮುಖ ಮುಖ ನೋಡಿಕೊಂಡೆವು. ಬಿಸಿಯಲ್ಲಿ ಬೆಳೆಯುವ ಆಕ್ಟಿನೋಮೈಸೀಟ್ಸ್ ಅನ್ನೋ ಬ್ಯಾಕ್ಟೀರಿಯಾ ಅವು, ಗಟ್ಟಿ ನಾರನ್ನು ಕರಗಿಸೋದೇ ಅವುಗಳ ಕೆಲಸ ಅಂತ ಮೇಡಂ ಹೇಳಿದರು. ಒಳ್ಳೆಯ ಗೊಬ್ಬರಕ್ಕೆ, ಮೊದಲ ಮಳೆಗೆ ಬರುವ ಮಣ್ಣಿನ ವಾಸನೆ ಈ ಗುಂಪಿನ ಜೀವಿಗಳಿಂದಲೇ ಅಂತೆ.

ಇನ್ನು ಮಗುಚುವುದು. ಹೊರಗಿನದ್ದು ಒಳಗೆ, ಒಳಗಿನದ್ದು ಹೊರಗೆ. ಸುಮ್ನೆ ಆಡಿಸಿದರೆ ಆಗೋದಿಲ್ಲ, ಗುಡ್ಡೆಯನ್ನೇ ಪಕ್ಕಕ್ಕೆ ಎತ್ತಿ ಮತ್ತೆ ಕಟ್ಟಬೇಕು. ಅಂಚಿನಲ್ಲಿದ್ದ ಕಳೆ ಬೀಜ ನಡುವಿನ ಕಾವಿಗೆ ಬಾರದಿದ್ದರೆ ಸಾಯೋದಿಲ್ಲ, ರೋಗದ ಜೀವಿಗಳೂ ಅಷ್ಟೇ. ಅಮೆರಿಕದ ಸಾವಯವ ನಿಯಮದಲ್ಲಿ ಸಗಣಿ ಗೊಬ್ಬರ ಸೇರಿಸಿ ಉದ್ದ ಗುಡ್ಡೆಯಾಗಿ ಮಾಡುವ ಕಾಂಪೋಸ್ಟಿಗೆ 15 ದಿನ 55 ಡಿಗ್ರಿಗಿಂತ ಕೆಳಗಿಳಿಯದ ಕಾವು, ಅಷ್ಟರಲ್ಲಿ ಕನಿಷ್ಠ ಐದು ಸಲ ಮಗುಚುವುದು ಅಂತ ಇದೆ. ನಮ್ಮ ಹೊಲದಲ್ಲೂ ಅದನ್ನೇ ಇಟ್ಟುಕೊಂಡಿದ್ದಾರೆ. ಬೇರೆ ಯಾವ ಕೆಲಸಕ್ಕೂ ಇಷ್ಟು ಸೊಂಟ ಹಿಡಿಯಲಿಲ್ಲ. ಗೊಬ್ಬರ ಮಾಡೋದು ಬರೀ ಕಸದ ಕೆಲಸ ಅನ್ನುವವರ ಕೈಗೆ ಒಂದು ಸಲಿಕೆ ಕೊಟ್ಟು ಮಗುಚೋಕೆ ಹೇಳಬೇಕು.

ಈ ಪದ್ಧತಿಯ ಹಿಂದಿನ ಕಥೆಯೂ ನನಗೆ ಇಷ್ಟ. 1920ರ ದಶಕದಲ್ಲಿ ಇಂದೋರಿನಲ್ಲಿ ಆಲ್ಬರ್ಟ್ ಹೊವಾರ್ಡ್ ಅನ್ನುವ ಇಂಗ್ಲಿಷ್ ಸಸ್ಯವಿಜ್ಞಾನಿ ಬೆಳೆ ಉಳಿಕೆ, ಸಗಣಿ ಸೇರಿಸಿ ಮಗುಚಿ ಕೊಳೆಸುವ ಕ್ರಮವನ್ನು ಲೆಕ್ಕಕ್ಕೆ ತಂದರು. ಅದು ಇಂದೋರ್ ಪದ್ಧತಿ ಅಂತಲೇ ಹೆಸರಾಯಿತು. ಕಲಿಸಲು ಬಂದವರು ಅಲ್ಲಿನ ರೈತರನ್ನು ನೋಡಿ ತಾವೇ ಕಲಿತರು. ಮೇಡಂ ಇದನ್ನು ಹೇಳುವಾಗಲೆಲ್ಲ ಅಣ್ಣನ ಕಡೆ ನೋಡುತ್ತಿದ್ದರು. ಅಣ್ಣ ಕೇಳಿಸದವರ ಹಾಗೆ ಪೈಪ್ ಸುತ್ತುತ್ತಿದ್ದರು.

ಸರಿಯಾಗಿ ಕೊಳೆಯದ್ದನ್ನು ಮಣ್ಣಿಗೆ ಹಾಕಿದರೆ ಏನಾಗುತ್ತದೆ ಅನ್ನೋದಕ್ಕೆ ಪಕ್ಕದ ತಾಕೇ ಸಾಕ್ಷಿ. ಅಲ್ಲಿ ಹಿಂದಿನ ಬ್ಯಾಚಿನವರು ಮರದ ಹೊಟ್ಟನ್ನು ನೇರವಾಗಿ ಮಣ್ಣಿಗೆ ಬೆರೆಸಿದ್ದರು. ಮೇಲೆ ಮುಚ್ಚಿಗೆಯಾಗಿ ಹಾಸಿದ್ದರೆ ಅಷ್ಟು ತೊಂದರೆ ಇರಲಿಲ್ಲ. ಒಳಗೆ ಬೆರೆಸಿದ್ದರಿಂದ ಅದನ್ನು ತಿನ್ನೋಕೆ ಹೊರಟ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೆಲ್ಲ ತಾವೇ ಬಾಚಿಕೊಂಡವು. ಗಿಡಗಳ ಹಳೆ ಎಲೆ ಮೊದಲು ಹಳದಿ, ಆಮೇಲೆ ಇಡೀ ಗಿಡ ಕುಂಠಿತ. ಹೊಸ ತಂಡ ಬಂದು ಅಲ್ಲಿ ಅಲಸಂದೆ ಬಿತ್ತಿತು. ಅಲಸಂದೆ ತನ್ನ ಸಾರಜನಕ ತಾನೇ ನೋಡಿಕೊಳ್ಳುತ್ತದೆ, ಮಣ್ಣನ್ನು ಕಾಯುತ್ತಾ ಕೂರೋದಿಲ್ಲ.

ಅದನ್ನು ಕಣ್ಣಾರೆ ನೋಡೋದು ಹೇಗೆ ಅಂತ ಆಗಲೇ ಗೊತ್ತಾದದ್ದು. ಹೂ ಬರುವ ಹೊತ್ತಿಗೆ ಒಂದು ಗಿಡವನ್ನು ಮಣ್ಣಿನ ಸಮೇತ ಸಲಿಕೆಯಿಂದ ಎತ್ತಿ, ನೀರಿನಲ್ಲಿ ಬೇರು ತೊಳೆಯಬೇಕು. ಜಗ್ಗಿ ಕಿತ್ತರೆ ಗಂಟುಗಳೆಲ್ಲ ಮಣ್ಣಿನಲ್ಲೇ ಉಳಿಯುತ್ತವೆ. ಬೇರಿನ ಮೇಲೆ ಸಾಸಿವೆಯಿಂದ ಕಾಳಿನಷ್ಟು ದಪ್ಪದ ಗಂಟು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಅಥವಾ ಕೆಂಪಿದ್ದರೆ, ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುವ ರೈಜೋಬಿಯಂ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿದೆ. ಬೆಳ್ಳಗಿದ್ದರೆ ಇನ್ನೂ ಶುರುವಾಗಿಲ್ಲ, ಹಸಿರೋ ಕಂದೋ ಆಗಿದ್ದರೆ ಮುಗಿದಿದೆ. ಆ ಕೆಂಪು ಲೆಗ್‌ಹಿಮೋಗ್ಲೋಬಿನ್ನಿನದು. ನಮ್ಮ ರಕ್ತದಲ್ಲಿರುವುದರ ದೂರದ ನಂಟು. ಬೇರಿನ ಗಂಟಿನೊಳಗೆ ಆಮ್ಲಜನಕ ಅಳತೆ ಮೀರದ ಹಾಗೆ ನೋಡಿಕೊಳ್ಳುತ್ತದೆ. ಆ ತಾಕಿನ ಒಂದು ಅಂಚಿನಲ್ಲಿ ಮಾತ್ರ ಗಂಟೇ ಇರಲಿಲ್ಲ. ಅಲ್ಲಿ ಗೊಬ್ಬರದ ಗುಡ್ಡೆ ಹಿಂದೆ ಇತ್ತಂತೆ. ಮಣ್ಣಿನಲ್ಲೇ ಸಾರಜನಕ ಧಾರಾಳವಾಗಿ ಸಿಕ್ಕರೆ ಗಿಡ ಬ್ಯಾಕ್ಟೀರಿಯಾಗೆ ಊಟ ಹಾಕಿ ಸಾಕುವ ಗೋಜಿಗೇ ಹೋಗೋದಿಲ್ಲ.

ಹಸಿರೆಲೆ ಗೊಬ್ಬರದ ತಾಕಿನಲ್ಲಿ ಸೆಣಬು. ಹೂವು ಶುರುವಾಗುತ್ತಿದ್ದಂತೆ ಕೊಯ್ದು ಮಣ್ಣಿಗೆ ಸೇರಿಸಬೇಕು, ತಡವಾದರೆ ಕಾಂಡ ನಾರಾಗಿ ಕೊಳೆಯಲ್ಲ. ಸೇರಿಸಿದ ಮೇಲೆ ಎರಡು ಮೂರು ವಾರ ಬಿಟ್ಟು ನಾಟಿ. ಇಷ್ಟೇ.

ನೀರಿನ ವಿಷಯವೂ ಬೇಗ ಹೇಳಿ ಮುಗಿಸಬಹುದು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಸರಿಯಾಗಿ ಒಂದು ಲೀಟರ್. ಈ ಒಂದು ಲೆಕ್ಕ ಗೊತ್ತಿದ್ದರೆ ಚಾವಣಿ ನೀರು, ಹೊಂಡ, ಹನಿ ನೀರಾವರಿ ಎಲ್ಲವನ್ನೂ ತಲೆಯಲ್ಲೇ ಕೂಡಿಸಿಬಿಡಬಹುದು. ಹನಿ ಕೊಳವೆಯ ಪ್ರತಿ ತೂತಿನಿಂದ ಗಂಟೆಗೆ ಎರಡು ಲೀಟರ್ ಬರಬೇಕು ಅಂತಿದ್ದರೆ, ಹದಿನೈದು ನಿಮಿಷಕ್ಕೆ ಕೆಳಗಿಟ್ಟ ಡಬ್ಬಿಯಲ್ಲಿ ಅರ್ಧ ಲೀಟರ್ ಇರಬೇಕು. ಸಾಲಿನ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಡಬ್ಬಿ ಇಟ್ಟು ನೋಡಿದೆವು. ಕೊನೆಯಲ್ಲಿ ಕಡಿಮೆ ಬಂತು. ಫಿಲ್ಟರ್ ಬಿಚ್ಚಿ ತೊಳೆದು, ಕೊಳವೆಯ ತುದಿಯ ಮುಚ್ಚಳ ತೆಗೆದು ಕೆಸರು ಹೊರಗೆ ಬಿಟ್ಟ ಮೇಲೆ ಸರಿಯಾಯಿತು.

ಎಲೆಕೋಸಿನ ಕಥೆಗೆ ಬರುತ್ತೇನೆ. ನಮ್ಮ ತಾಕಿಗೆ ಮೊದಲ ವರ್ಷ ಬಂದದ್ದು ಅದೇ. ಬಿಳಿ ಚಿಟ್ಟೆಗಳು ಸುತ್ತಾಡುವಾಗ ಚೆನ್ನಾಗೇ ಕಾಣುತ್ತಿದ್ದವು. ಎಲೆ ಮಗುಚಿದರೆ ಹಿಂಬದಿಯಲ್ಲಿ ಹಳದಿ ಮೊಟ್ಟೆಗಳ ಗುಂಪು. ಆಮೇಲೆ ಹುಳ. ಹುಳ ಅಂದರೆ ಎಲೆಯ ನರ ಮಾತ್ರ ಬಿಟ್ಟು ಮಿಕ್ಕದ್ದೆಲ್ಲ ಖಾಲಿ ಮಾಡುವ ಹುಳ. ದಿನಾ ಬೆಳಿಗ್ಗೆ ಡಬ್ಬಿಯಲ್ಲಿ ಸೋಪಿನ ನೀರು ಹಿಡಿದು ಆರಿಸಿ ಹಾಕುವುದು ಒಬ್ಬೊಬ್ಬರ ಪಾಳಿ. ತಂಡದ ಒಬ್ಬ, ಒಂದೇ ಒಂದು ಸಲ ಏನಾದರೂ ಸಿಂಪಡಿಸಿಬಿಡೋಣ ಸಾಕಾಗಿದೆ ಅಂತ ಗೋಗರೆದ.

ಮೇಡಂ ಬೇಡ ಅನ್ನಲಿಲ್ಲ. ಮೊದಲು ಎಣಿಸಿ ಅಂದರು. ಇಪ್ಪತ್ತು ಗಿಡ, ಸಾಲಿನುದ್ದಕ್ಕೂ ಅಲ್ಲೊಂದು ಇಲ್ಲೊಂದು ಆರಿಸಿ, ಗಿಡಕ್ಕೆ ಎಷ್ಟು ಹುಳ, ಎಷ್ಟು ಮೊಟ್ಟೆ ಗುಂಪು, ಎಷ್ಟು ಎಲೆ ಹೋಗಿದೆ ಅಂತ ಬರೆಯಿರಿ. ಜೊತೆಗೆ, ಹುಳ ಅಲ್ಲದ್ದು ಏನೇನು ಕಂಡಿತೋ ಅದನ್ನೂ. ಈ ಕೊನೆಯ ಕಾಲಂ ಯಾಕೆ ಅಂತ ಆಗ ತಿಳಿಯಲಿಲ್ಲ.

ಎಣಿಸುತ್ತಾ ಕೂತಾಗ ಅಣ್ಣ ಹತ್ತಿರ ಬಂದು ಒಂದು ಎಲೆ ತೋರಿಸಿದರು. ‘ಇದನ್ನ ಡಬ್ಬಿಗೆ ಹಾಕಬೇಡಮ್ಮಾ’ ಅಂದರು. ಒಂದು ಹುಳ ಅಲುಗದೆ ಮಂಕಾಗಿ ಕೂತಿತ್ತು. ಅದರ ಪಕ್ಕದಲ್ಲೇ, ಮೈಗೆ ತಾಗಿದ ಹಾಗೆ, ಅಕ್ಕಿಕಾಳಿಗಿಂತ ಚಿಕ್ಕದಾದ ಹಳದಿ ರೇಷ್ಮೆ ಗೂಡುಗಳ ಗೊಂಚಲು. ನಾನು ಅದನ್ನು ಹುಳದ ಮೊಟ್ಟೆ ಅಂದುಕೊಂಡು ಉಜ್ಜಿ ಹಾಕೋಕೆ ಬೆರಳು ಚಾಚಿದ್ದೆ. ‘ಅದು ನಿಮ್ಮ ಕೆಲಸ ಮಾಡೋಕೆ ಬಂದಿರೋ ಕಣಜ’ ಅಂದರು. ಆ ಎಲೆ ಕಿತ್ತು ಗಾಜಿನ ಬಾಟಲಿಗೆ ಹಾಕಿ ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಿನಲ್ಲಿಟ್ಟೆವು. ಮುಂದಿನ ವಾರ ಒಳಗೆ ಕಪ್ಪು ಚುಕ್ಕಿಗಳು ಹಾರಾಡುತ್ತಿದ್ದವು. ಭೂತಗನ್ನಡಿ ಹಿಡಿದರೆ ಮೀಸೆ, ರೆಕ್ಕೆ ಎಲ್ಲ ಇರುವ ಪೂರ್ತಿ ಕಣಜ, ಸೊಳ್ಳೆಗಿಂತ ಸಣ್ಣದು. ತಾಯಿ ಕಣಜ ಎಳೆ ಹುಳದ ಮೈಯೊಳಗೆ ಮೊಟ್ಟೆ ಚುಚ್ಚುತ್ತದೆ. ಮರಿಗಳು ಒಳಗಿಂದಲೇ ತಿಂದು ಬೆಳೆದು, ಚರ್ಮ ಸೀಳಿ ಹೊರಬಂದು, ಅಲ್ಲೇ ಗೂಡು ನೇಯುತ್ತವೆ. ಕೊಟೇಸಿಯಾ ಅನ್ನೋ ಗುಂಪಿನವು. ನೋಡೋಕೆ ಅಂಥ ಚೆಂದದ ದೃಶ್ಯ ಏನಲ್ಲ, ಊಟದ ಹೊತ್ತಿಗೆ ವಿವರಿಸಬೇಡಿ.

ಸಿಂಪಡಿಸಿದ್ದರೆ ಹುಳದ ಜೊತೆ ಇವೂ ಹೋಗುತ್ತಿದ್ದವು. ಹುಳ ಬೇಗ ಮತ್ತೆ ಬರುತ್ತದೆ, ಅದನ್ನೇ ನಂಬಿ ಬದುಕುವ ಕಣಜ ನಿಧಾನಕ್ಕೆ ಬರುತ್ತದೆ. ಆಮೇಲಿನ ಹುಳದ ಕಾಟ ಮೊದಲಿಗಿಂತ ಜಾಸ್ತಿ. ಬೆಳೆದು ರೆಕ್ಕೆ ಬಂದ ಕಣಜಕ್ಕೆ ಬೇಕಾದದ್ದು ಹುಳ ಅಲ್ಲ, ಮಕರಂದ. ಅದಕ್ಕೇ ಬದುವಿನ ಮೇಲೆ ಕೊತ್ತಂಬರಿ, ಸಬ್ಬಸಿಗೆ, ಸಾಸಿವೆಯನ್ನು ಹೂ ಬಿಡೋಕೆ ಬಿಟ್ಟಿರುತ್ತಾರೆ. ಮೊದಲು ನೋಡಿದಾಗ ಯಾರೋ ಕೊಯ್ಯೋಕೆ ಮರೆತಿದ್ದಾರೆ ಅಂತ ಅನಿಸುತ್ತದೆ. ಆ ಸಲ ಹೊರ ಎಲೆಗಳು ತೂತು ತೂತಾದವು, ಒಳಗಿನ ಗಡ್ಡೆ ಚೆನ್ನಾಗಿಯೇ ಕಟ್ಟಿತು. ಗೋಗರೆದ ಗೆಳೆಯ ಈಗ ಕಣಜದ ಮೇಲೆಯೇ ಪ್ರಾಜೆಕ್ಟ್ ಮಾಡುತ್ತಿದ್ದಾನೆ.

ಕಳೆಯ ಬಗ್ಗೆ ಒಂದೇ ಮಾತು. ಗುದ್ದಲಿಯನ್ನು ಅರದಿಂದ ಮಸೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದ ಹಾಗೆ. ಕಳೆ ಇನ್ನೂ ಬಿಳಿ ದಾರದಂಥ ಮೊಳಕೆಯಾಗಿದ್ದಾಗಲೇ, ಬಿಸಿಲಿರುವ ಬೆಳಿಗ್ಗೆ, ಮಣ್ಣಿನ ಮೇಲ್ಪದರ ಕೆರೆದುಬಿಟ್ಟರೆ ಮಧ್ಯಾಹ್ನಕ್ಕೆ ಒಣಗಿರುತ್ತದೆ. ನಾಲ್ಕು ಎಲೆ ಬರಲಿ ಅಂತ ಕಾದರೆ ಕುಕ್ಕರಗಾಲಲ್ಲಿ ಕೂತು ಕೈಯಿಂದ ಕೀಳಬೇಕು. ಜೇಕು ಮಾತ್ರ ಈ ಉಪಾಯಕ್ಕೆ ಬಗ್ಗೋದಿಲ್ಲ. ಅದರ ಗಡ್ಡೆ ಕೆಳಗೆ ಸರಪಳಿಯಾಗಿ ಇರುತ್ತದೆ, ಉತ್ತಷ್ಟೂ ಬೇರೆಯಾಗಿ ಹರಡುತ್ತದೆ.

ಪರೀಕ್ಷೆ ಬಂತು ಅಂದರೆ ಹೊಲದ ನಿಜವಾದ ಪರೀಕ್ಷೆ. ಟೊಮೆಟೊ ಹಣ್ಣಾಗೋ ಹೊತ್ತಿಗೆ ಸರಿಯಾಗಿ ನಾವು ಪುಸ್ತಕ ಹಿಡಿದು ಕೂರುತ್ತೇವೆ. ಅದಾದ ಮೇಲೆ ರಜೆ, ಎಲ್ಲರೂ ಮನೆಗೆ. ವಾಪಸ್ ಬರುವಷ್ಟರಲ್ಲಿ ಹಣ್ಣು ಉದುರಿ ಕೊಳೆತಿರುತ್ತದೆ, ಕಳೆ ಹೂ ಬಿಟ್ಟು ಬೀಜ ಚೆಲ್ಲಿರುತ್ತದೆ. ಅಣ್ಣ ಒಬ್ಬರೇ ಎಷ್ಟು ಅಂತ ಮಾಡಿಯಾರು? ಇದು ನಮ್ಮ ಹೊಲದ್ದೊಂದೇ ತಾಪತ್ರಯ ಅಲ್ಲ. ಬೆಳೆಯ ಲೆಕ್ಕ, ಕಾಲೇಜಿನ ಲೆಕ್ಕ ಎರಡೂ ಇರುವ ಕಡೆಯೆಲ್ಲ ಇದು ಇದ್ದೇ ಇರುತ್ತದೆ.

ಎರಡನೇ ವರ್ಷ ನಮ್ಮ ತಂಡ ಮಾಡಿದ್ದು ಇದನ್ನೇ ತಿರುಗಿಸಿದ್ದು. ಮೊದಲು ರಜೆ, ಪರೀಕ್ಷೆಗಳನ್ನು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆವು. ಆಮೇಲೆ ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬಿತ್ತನೆಯ ವಾರ ಹುಡುಕಿದೆವು. ತಿಂಗಳಲ್ಲಿ ಮುಗಿಯುವ ಮೂಲಂಗಿ, ಸೊಪ್ಪು ಸೆಮಿಸ್ಟರಿನ ಕೊನೆಗೆ. ಎರಡು ತಿಂಗಳ ಆಸುಪಾಸಿನಲ್ಲಿ ಕೊಯ್ಲಿಗೆ ಬರುವ ಗಿಡ್ಡ ಬೀನ್ಸ್ ನಡುವೆ. ರಜೆಗೆ ಹೋಗುವ ಮೊದಲು ಖಾಲಿ ಮಡಿಗಳಿಗೆ ಸೆಣಬು ಬಿತ್ತೋದು, ನಾವು ಊರಲ್ಲಿದ್ದಾಗ ಅದು ಕಳೆಯನ್ನು ಮುಚ್ಚಿಹಾಕಿಕೊಂಡು ತನ್ನ ಪಾಡಿಗೆ ಬೆಳೆಯುತ್ತದೆ. ಉದ್ದದ ಬೆಳೆಗಳನ್ನು ರಜೆಯಲ್ಲೂ ಹಾಸ್ಟೆಲಿನಲ್ಲಿ ಇರುವವರ ತಾಕಿಗೆ ಬಿಟ್ಟೆವು. ಮೇಡಂ ಸೆಮಿಸ್ಟರಿನ ಕೊನೆಯ ಎರಡು ವಾರ ಹೊಸ ತಂಡವನ್ನೂ ಹೊಲಕ್ಕೆ ಕರೆಸಿ, ಹಳಬರು ಹೊಸಬರು ಒಟ್ಟಿಗೆ ಕೆಲಸ ಮಾಡುವ ಪದ್ಧತಿ ತಂದರು. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಜೇಕು ಎಲ್ಲಿಂದ ನುಗ್ಗುತ್ತದೆ ಅನ್ನೋದೆಲ್ಲ ಕೈ ತೋರಿಸಿ ಹೇಳಿದರೇ ಸರಿ. ಬರೆದಿಟ್ಟರೆ ಯಾರೂ ಓದಲ್ಲ.

ಈ ಕಾಯುವ ಕೆಲಸವನ್ನು ದೊಡ್ಡ ಮಟ್ಟದಲ್ಲಿ ಮಾಡಿದವರೂ ಇದ್ದಾರೆ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್‌ನಲ್ಲಿ 1843ರಲ್ಲಿ ಶುರುವಾದ ಗೋಧಿ ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮಾರೋ ಪ್ಲಾಟ್ಸ್ ಅಂತ 1876ರ ಪ್ರಯೋಗದ ತಾಕುಗಳಿವೆ. ಪಕ್ಕದಲ್ಲಿ ಗ್ರಂಥಾಲಯ ಕಟ್ಟಬೇಕಾಗಿ ಬಂದಾಗ ಮೆಕ್ಕೆಜೋಳದ ಮೇಲೆ ನೆರಳು ಬೀಳಬಾರದು ಅಂತ ಅದನ್ನು ನೆಲದಡಿಯಲ್ಲಿ ಕಟ್ಟಿದರು, 1969ರಲ್ಲಿ ಅದು ತೆರೆಯಿತು. ಪಾಠದಲ್ಲಿ ಇದನ್ನು ಕೇಳಿದ ದಿನ ನಮ್ಮವನೊಬ್ಬ, ನಮ್ಮಲ್ಲಿ ಆಗಿದ್ದರೆ ತಾಕನ್ನೇ ನೆಲದಡಿ ಹಾಕುತ್ತಿದ್ದರು ಅಂದ. ನಗು ಬಂತು, ಆದರೆ ಒಂದು ತುಂಡು ನೆಲವನ್ನು ಅಷ್ಟು ವರ್ಷ ಕೈಯಿಂದ ಕೈಗೆ ದಾಟಿಸಿದ್ದಾರಲ್ಲ ಅನ್ನೋದು ತಲೆಯಲ್ಲಿ ಉಳಿಯಿತು.

ಕೊನೆಯ ಸೆಮಿಸ್ಟರಿನಲ್ಲಿ ನಮ್ಮ ತಂಡಕ್ಕೂ ಮೇಡಂಗೂ ಒಂದು ವಾದ ಆಯಿತು. ಹೊಲದ ಲೆಕ್ಕದ ಪುಸ್ತಕದಲ್ಲಿ ಬೀಜ, ಸಗಣಿ, ಕರೆಂಟು, ಪೈಪು ಎಲ್ಲದಕ್ಕೂ ಖರ್ಚು ಇತ್ತು. ನಮ್ಮ ದುಡಿಮೆಗೆ ಮಾತ್ರ ಸೊನ್ನೆ. ಹಾಗಾಗಿ ಎಲ್ಲ ತಾಕೂ ಲಾಭದಲ್ಲೇ ಇತ್ತು. ಕೂಲಿ ಕೊಡದೆ ಲಾಭ ತೋರಿಸೋದು ಯಾವ ಸುಸ್ಥಿರ ಕೃಷಿ ಮೇಡಂ ಅಂತ ಕೇಳಿದೆವು. ನೀವು ಅಂಕ ತಗೋತೀರಲ್ಲ ಅಂತ ಅವರು ನಕ್ಕರು. ಅದು ಉತ್ತರ ಅಲ್ಲ ಅಂತ ಅವರಿಗೂ ಗೊತ್ತಿತ್ತು. ರೈತರ ಮನೆಗಳಲ್ಲೂ ಮನೆಯವರ ದುಡಿಮೆಯನ್ನು ಹೀಗೇ ಬಿಟ್ಟು ಲೆಕ್ಕ ಹಾಕುತ್ತಾರೆ, ಆಮೇಲೆ ಲಾಭ ಎಲ್ಲಿ ಹೋಯ್ತು ಅಂತ ಹುಡುಕುತ್ತಾರೆ. ಸರಿ, ನೀವೇ ಬರೆದು ನೋಡಿ ಅಂದರು.

ಆವತ್ತಿನಿಂದ ಪ್ರತಿ ಬೆಳೆಗೂ ಯಾರು, ಯಾವ ಕೆಲಸ, ಎಷ್ಟು ಗಂಟೆ ಅಂತ ಬರೆಯೋಕೆ ಶುರು ಮಾಡಿದೆವು. ಬರೆಯೋದು ಬೇಜಾರಿನ ಕೆಲಸ. ಮಣ್ಣಾದ ಕೈಯಲ್ಲಿ ಪೆನ್ನು ಹಿಡಿಯೋದು ಬೇರೆ. ಬೆಳೆ ಮುಗಿದ ಮೇಲೆ ಕೂಡಿಸಿ ನೋಡಿದರೆ ಚಿತ್ರವೇ ಬೇರೆ. ಕೆಜಿ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದ ಎಲೆಕೋಸು ಗಂಟೆ ಲೆಕ್ಕದಲ್ಲಿ ಎಲ್ಲರಿಗಿಂತ ಹಿಂದೆ ಬಿತ್ತು, ಹುಳ ಆರಿಸುವುದಕ್ಕೇ ಅಷ್ಟು ಹೊತ್ತು ಹೋಗಿತ್ತು. ಬೀನ್ಸಿಗೆ ಬಿತ್ತನೆ ಮತ್ತು ಒಂದು ಸಲ ಕಳೆ ಆದ ಮೇಲೆ ಕೊಯ್ಲು ಬಿಟ್ಟರೆ ಹೆಚ್ಚು ಕೆಲಸ ಇರಲಿಲ್ಲ. ಕಾಂಪೋಸ್ಟ್ ಮಗುಚಿದ ಗಂಟೆಗಳನ್ನು ಯಾವ ಬೆಳೆಯ ಲೆಕ್ಕಕ್ಕೆ ಹಾಕೋದು ಅನ್ನೋದರ ಮೇಲೆ ಇನ್ನೊಂದು ಜಗಳ. ಅದರ ಫಲ ಮುಂದಿನ ಮೂರು ಬೆಳೆಗೂ ಹಂಚಿಹೋಗುತ್ತದೆ, ಆ ಮೂರೂ ಬೆಳೆ ನಮ್ಮವಲ್ಲ. ಕೊನೆಗೆ ಅದಕ್ಕೆ ಬೇರೆಯೇ ಒಂದು ಪುಟ ಮಾಡಿ ಮುಂದಿನವರಿಗೆ ಬಿಟ್ಟೆವು.

ಹೊಸ ತಂಡ ಬಂದಾಗ ಈ ಲೆಕ್ಕ ಪೂರ್ತಿ ತೋರಿಸಿದೆವು. ಎಲೆಕೋಸನ್ನು ಅರ್ಧಕ್ಕೆ ಇಳಿಸಿ, ಉಳಿದದ್ದಕ್ಕೆ ಬೀನ್ಸ್ ಹಾಕಿ ಅಂತ ಸಲಹೆಯನ್ನೂ ಕೊಟ್ಟೆವು. ಎಲ್ಲರೂ ಗಮನ ಕೊಟ್ಟು ಕೇಳಿದರು, ತಲೆಯನ್ನೂ ಆಡಿಸಿದರು. ಮೊನ್ನೆ ಫೋಟೊ ಕಳಿಸಿದ್ದಾರೆ. ಎಲೆಕೋಸು ನಮಗಿಂತ ಎರಡು ಸಾಲು ಜಾಸ್ತಿ ಇದೆ. ಯಾಕ್ರೋ ಅಂತ ಕೇಳಿದರೆ, ಅಕ್ಕಾ, ನಮಗೂ ಆ ಕಣಜ ನೋಡಬೇಕು ಅಂತಾರೆ.